ಹುಲ್ಲಿನ ಮೇಲೆ ಕುಳಿತ ಚೆಂಡು

ಮೊದಲ ದಿನದ ನಾಲ್ಕನೇ ಕುಳಿಯಲ್ಲಿ ನನ್ನ ಹೊಡೆತ ಎಡಕ್ಕೆ ತಿರುಗಿ ಉದ್ದ ಹುಲ್ಲಿನೊಳಗೆ ಬಿತ್ತು. ಗಾಲ್ಫ್ ಆಡುವವರಿಗೆ ಅದರ ಅರ್ಥ ಗೊತ್ತು. ಒಪ್ಪವಾಗಿ ಕತ್ತರಿಸಿದ ಹಾದಿ ಬಿಟ್ಟು ಮಗ್ಗುಲಿನ ಹುಲ್ಲಿಗೆ ಹೋದ ಚೆಂಡು ಬುಡಕ್ಕೆ ಇಳಿದು ಕೂರುತ್ತದೆ. ಅಲ್ಲಿಂದ ಹೊಡೆಯಲು ಹೋದರೆ ಕೋಲಿಗೆ ಚೆಂಡಿಗಿಂತ ಮೊದಲು ಹುಲ್ಲೇ ಸಿಗುತ್ತದೆ. ನೂರೈವತ್ತು ಗಜ ಹೋಗಬೇಕಾದದ್ದು ಅರವತ್ತು ಗಜಕ್ಕೆ ನಿಂತುಬಿಡುತ್ತದೆ. ಹಲ್ಲು ಕಚ್ಚಿಕೊಂಡು ನಡೆದೆ.

ನನ್ನ ಕೋಲುಗಳ ಚೀಲ ಹೊರುವ ಕ್ಯಾಡಿ ಆಗಲೇ ಅಲ್ಲಿಗೆ ತಲುಪಿ, ಚೀಲ ಇಳಿಸಿ, ಚೆಂಡಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು. ನೋಡಿದರೆ ಚೆಂಡು ಬುಡಕ್ಕೆ ಇಳಿದೇ ಇರಲಿಲ್ಲ. ಸಿಂಬಿಯ ಮೇಲೆ ಕೊಡ ಕೂತ ಹಾಗೆ ಹುಲ್ಲಿನ ತುದಿಯ ಮೇಲೆ ನೆಟ್ಟಗೆ ಕೂತಿತ್ತು. ನನಗೆ ಖುಷಿಯಾಯಿತು. ಏಳನೇ ನಂಬರಿನ ಕೋಲು ತೆಗೆದುಕೊಂಡು ಹೊಡೆದೆ. ಚೆಂಡು ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಗ್ರೀನಿನ ನಡುವೆ ಹೋಗಿ ಬಿತ್ತು.

ಏಳನೇ ಕುಳಿಯಲ್ಲೂ ಎಡಕ್ಕೇ ತಪ್ಪಿದೆ. ಚೆಂಡು ಅಲ್ಲೂ ಹಾಗೇ ಕೂತಿತ್ತು. ಹದಿನಾಲ್ಕರಲ್ಲೂ ಅದೇ. ಮೂರನೇ ಸಲ ಖುಷಿಯಾಗಲಿಲ್ಲ. ಹೊಡೆಯುವ ಮೊದಲು ಒಮ್ಮೆ ಕ್ಯಾಡಿಯ ಕಡೆ ತಿರುಗಿ ನೋಡಿದೆ.

ಅದು ವರ್ಷದ ಕಡೆಯ ಪಂದ್ಯ. ಮೂರು ದಿನ, ದಿನಕ್ಕೆ ಹದಿನೆಂಟು ಕುಳಿ. ಮೊದಲ ಹತ್ತರೊಳಗೆ ಬಂದವರಿಗೆ ಮುಂದಿನ ವರ್ಷದ ಎಲ್ಲ ಪಂದ್ಯಗಳಲ್ಲೂ ಜಾಗ ಖಾತ್ರಿ, ಉಳಿದವರು ಮತ್ತೆ ಅರ್ಹತಾ ಸುತ್ತಿನಿಂದ ಶುರು ಮಾಡಬೇಕು. ಮೂವತ್ತೊಂದು ವರ್ಷದವಳಾದ ನನಗೆ ಇನ್ನೊಂದು ಸಲ ಅಲ್ಲಿಂದ ಶುರು ಮಾಡುವ ತಾಕತ್ತು ಇರಲಿಲ್ಲ. ಮೈದಾನ ಶಿಗ್ಗಾವಿಯಿಂದ ಹಾನಗಲ್ಲಿನ ಕಡೆಗೆ ಹೋಗುವ ದಾರಿಯ ಒಂದು ರೆಸಾರ್ಟಿನದು. ಅಲ್ಲಿ ಪಡುವಣ ಗಾಳಿ ಮಧ್ಯಾಹ್ನದ ಹೊತ್ತಿಗೆ ದಿಕ್ಕು ಬದಲಿಸುತ್ತದೆ. ಐದು ಕುಳಿಗಳಲ್ಲಿ ಕೆರೆ ದಾಟಿಸಿ ಹೊಡೆಯಬೇಕು. ಗ್ರೀನುಗಳೆಲ್ಲ ಮಗುಚಿಟ್ಟ ತಟ್ಟೆಯಂತಿದ್ದು, ಎಲ್ಲಿ ಬಿದ್ದರೂ ಚೆಂಡು ಹೊರಕ್ಕೇ ಜಾರುತ್ತದೆ. ಬಂಕಾಪುರದ ಕಡೆಯಿಂದ ಬರುವ ನವಿಲುಗಳು ಹೊಡೆಯುವ ಹೊತ್ತಿಗೆ ಸರಿಯಾಗಿ ಕೂಗುತ್ತವೆ.

ಕ್ಯಾಡಿಗಳು ರೆಸಾರ್ಟಿನವರೇ ಇರಬೇಕೆಂಬುದು ಅಲ್ಲಿನ ನಿಯಮ. ನನ್ನ ಪಾಲಿಗೆ ಬಂದವರು ದುಂಡಸಿ ಎಂಬ ಊರಿನವರು. ಐವತ್ತೈದರ ಆಸುಪಾಸಿನ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬೆಳಗಿನ ಮೊದಲ ಬಸ್ಸಿಗೆ ಬಂದು, ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಅಭ್ಯಾಸದ ದಿನ ನಾಲ್ಕನೇ ಕುಳಿಯ ಮುಂದೆ ನಿಂತು ಅವರು ಬಾಯಿ ತೆರೆದಿದ್ದರು.

"ನಾಕು, ಏಳು, ಹದಿನಾಕು, ಈ ಮೂರರಾಗ ತಪ್ಪಿದ್ರ ಎಡಕ್ಕ ತಪ್ಪಲಿ ಅಕ್ಕಾರ. ಬಲಕ್ಕ ಮಾತ್ರ ಬ್ಯಾಡ. ಯಾಕಂದ್ರ..."

ನಾನು ಕೈ ಎತ್ತಿ ತಡೆದಿದ್ದೆ. "ಆತ್ರಿ ಅಣ್ಣಾರ, ಗೊತ್ತಾತು. ನಾ ಕೇಳಿದಾಗ ಅಷ್ಟ ಹೇಳ್ರಿ. ಹೊಡಿಯೂ ಮುಂದ ಭಾಳ ಮಾತು ಕೇಳಿದ್ರ ನಂಗ ಗೊಂದಲ ಆಗತೈತಿ."

"ಹೂಂ ಆತ್ರಿ," ಎಂದು ಅವರು ಚೀಲ ಹೆಗಲಿಗೇರಿಸಿದರು. ಆಮೇಲೆ ತಾವಾಗಿ ಒಂದು ಮಾತೂ ಆಡಲಿಲ್ಲ.

ಮೊದಲ ದಿನ ಎಪ್ಪತ್ತು ಹೊಡೆತಗಳಲ್ಲಿ ಮುಗಿಸಿದೆ. ಮೈದಾನಕ್ಕೆ ಗೊತ್ತುಮಾಡಿದ ಲೆಕ್ಕ ಎಪ್ಪತ್ತೆರಡು; ಅಂದರೆ ಎರಡು ಕಡಿಮೆ. ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಮೂರನೇ ಸ್ಥಾನ. ಕಾರ್ಡಿಗೆ ಸಹಿ ಹಾಕುವಾಗ ನನ್ನ ಜೊತೆ ಆಡಿದ ಪುಣೆಯ ಹಿರಿಯ ಆಟಗಾರ್ತಿ ನನ್ನ ಅಂಕಗಳನ್ನು ಒಂದೊಂದಾಗಿ ನೋಡಿ, ನಗುತ್ತಲೇ ಹಿಂದಿಯಲ್ಲಿ ಅಂದರು: "ನಿನ್ನ ಚೆಂಡಿಗೆ ಅದೃಷ್ಟ ಚೆನ್ನಾಗಿದೆ. ಇಲ್ಲದಿದ್ದರೆ ನಿನ್ನ ಕ್ಯಾಡಿಯ ಕೈ ಚೆನ್ನಾಗಿದೆ."

ಅವರು ತಮಾಷೆಗೆ ಅಂದರೋ, ಬೇಕೆಂದೇ ಅಂದರೋ ತಿಳಿಯಲಿಲ್ಲ. ನಾನೂ ನಕ್ಕೆ. ಆದರೆ ಆ ಮಾತು ರೂಮಿನವರೆಗೂ ನನ್ನ ಜೊತೆ ಬಂತು.

ಎರಡು ವರ್ಷದ ಹಿಂದೆ ಬೇರೊಂದು ಮೈದಾನದಲ್ಲಿ ನನಗಿಂತ ಚಿಕ್ಕವಳೊಬ್ಬಳ ಕ್ಯಾಡಿ, ಹುಲ್ಲಿನೊಳಗಿನ ಚೆಂಡನ್ನು ಕಾಲಿನಿಂದ ಸರಿಸಿ ಸಿಕ್ಕಿಬಿದ್ದಿದ್ದ. ಕ್ಯಾಡಿ ಮಾಡಿದ ತಪ್ಪಿಗೆ ದಂಡ ಆಟಗಾರ್ತಿಗೇ. ತನಗೆ ಗೊತ್ತೇ ಇರಲಿಲ್ಲ ಎಂದು ಅವಳು ಅತ್ತಳು. ಗೊತ್ತಿಲ್ಲದೆ ಇರುತ್ತದೆಯೇ ಎಂದು ನಾವೆಲ್ಲ ಮಾತಾಡಿಕೊಂಡೆವು. ನಾನೂ ಆಡಿಕೊಂಡಿದ್ದೆ. ಅವಳು ಈಗ ಎಲ್ಲೂ ಆಡುವುದಿಲ್ಲ. ಹಾಸಿಗೆಯ ಮೇಲೆ ಕೂತು ನನ್ನ ಚೆಂಡುಗಳನ್ನು ಹರವಿಕೊಂಡೆ. ನನ್ನದೇ ಎಂದು ಗುರುತು ಹಿಡಿಯಲು ನಂಬರಿನ ಕೆಳಗೆ ಮೂರು ಹಸಿರು ಚುಕ್ಕೆ ಇಡುತ್ತೇನೆ. ಚುಕ್ಕೆಗಳು ಇದ್ದವು. ಅವುಗಳಿಂದ ಏನು ತಿಳಿಯಬೇಕು? ಎತ್ತಿ ಇಟ್ಟರೂ ಚುಕ್ಕೆ ಅಲ್ಲೇ ಇರುತ್ತದೆ.

ಎರಡನೇ ದಿನ ಬೆಳಿಗ್ಗೆ ದುಂಡಸಿಯವರಿಗೆ ಹೇಳಿದೆ. "ಇವತ್ತ ಮುಂದ ಹೋಗಬ್ಯಾಡ್ರಿ ಅಣ್ಣಾರ. ನನ್ನ ಜೋಡಿನ ನಡೀರಿ."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಚೆಂಡು ಬೀಳೂದು ನೋಡಾಕ ಯಾರರ ಮುಂದ ಇರಬೇಕಲ್ರಿ?"

"ನಾ ನೋಡ್ಕೋತೇನಿ."

ಒಂಬತ್ತನೇ ಕುಳಿಯ ತನಕ ತೊಂದರೆಯಾಗಲಿಲ್ಲ. ಅಲ್ಲಿ ಗಾಳಿ ಎದ್ದು ನನ್ನ ಚೆಂಡು ಬಲಗಡೆಯ ಇಳಿಜಾರಿನ ಹುಲ್ಲಿಗೆ ಹೋಯಿತು. ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಲ್ಲಿ, ಕಳೆದುಹೋದರೆ ಇರಲಿ ಎಂದು ಹೊಡೆದಿಡುವ ಎರಡನೇ ಚೆಂಡನ್ನೂ ಹೊಡೆಯಲಿಲ್ಲ. ಇಬ್ಬರೂ ಜೊತೆಯಲ್ಲೇ ನಡೆದು ಹೋದೆವು. ಹುಡುಕಲು ಸಿಗುವುದು ಮೂರೇ ನಿಮಿಷ. ನಾನು ಕೋಲಿನಿಂದ ಹುಲ್ಲು ಬಗೆಯುತ್ತಾ ಸುತ್ತಿದೆ. ಅವರು ಸ್ವಲ್ಪ ಕೆಳಗೆ ಮೆಲ್ಲಗೆ ಕಾಲಾಡಿಸುತ್ತಾ ಹುಡುಕಿದರು. ಸಮಯ ಮುಗಿಯಿತು. ದಂಡದ ಒಂದು ಹೊಡೆತ ಸೇರಿಸಿಕೊಂಡು, ಮುನ್ನೂರು ಹೆಜ್ಜೆ ಹಿಂದಕ್ಕೆ ನಡೆದು, ಮತ್ತೆ ಮೊದಲಿಂದ ಹೊಡೆದೆ. ಪುಣೆಯವರು ಕೈಗವಸು ಸರಿಮಾಡಿಕೊಳ್ಳುತ್ತಾ ನಿಂತಿದ್ದರು.

ಅನುಮಾನ ಎಂಬುದು ಎಂಥ ವಿಚಿತ್ರ ಎಂದರೆ, ಹಿಂದಿನ ದಿನ ಚೆಂಡು ಹುಲ್ಲಿನ ಮೇಲೆ ಕೂತು ಸಿಕ್ಕಿದ್ದು ದುಂಡಸಿಯವರ ಕೈಚಳಕ ಅನ್ನಿಸಿತ್ತು; ಈಗ ಸಿಗದೇ ಇದ್ದದ್ದೂ ಅವರ ಕೈಚಳಕವೇ ಅನ್ನಿಸಿತು. ಮುಂದೆ ಹೋಗಬೇಡಿ ಅಂದದ್ದಕ್ಕೆ ಸಿಟ್ಟು ತೀರಿಸಿಕೊಂಡರು, ನೋಡಿಯೂ ನೋಡದ ಹಾಗೆ ದಾಟಿ ಹೋದರು ಎಂದುಕೊಂಡೆ. ಹತ್ತನೇ ಕುಳಿಯಿಂದ ಹದಿಮೂರರ ತನಕ ಚೆಂಡಿಗಿಂತ ಹೆಚ್ಚು ಅವರ ಕೈಗಳನ್ನೇ ನೋಡಿದೆ. ಅವರ ಬಲಗೈ ಪ್ಯಾಂಟಿನ ಜೇಬಿಗೆ ಹೋಗಿ ಬರುತ್ತಿತ್ತು. ಜೇಬಿನಲ್ಲಿ ಏನೋ ಉಬ್ಬಿಕೊಂಡಿತ್ತು.

ಹದಿನಾಲ್ಕರಲ್ಲಿ ಚೆಂಡು ಮತ್ತೆ ಎಡಗಡೆಯ ಹುಲ್ಲಿಗೆ ಹೋಯಿತು.

"ಹೋಗ್ರಿ ಮುಂದ," ಎಂದೆ. ಬೇಕೆಂದೇ ಅಂದೆ. ಅವರು ಚೀಲ ಹೊತ್ತು ಬೇಗ ಬೇಗ ನಡೆದರು. ನಾನು ನಿಧಾನವಾಗಿ, ಕಣ್ಣು ಕೀಲಿಸಿ, ಹಿಂದೆ ಬಂದೆ. ನನಗೂ ಅವರಿಗೂ ಮೂವತ್ತು ಹೆಜ್ಜೆ ಇರಬಹುದು. ಅವರು ನನಗೆ ಬೆನ್ನು ಮಾಡಿ ಬಗ್ಗಿದರು. ಬಲಗೈ ಹುಲ್ಲಿನೊಳಗೆ ಹೋಯಿತು, ಹೊರಗೆ ಬಂತು, ಜೇಬಿಗೆ ಹೋಯಿತು. ಎದ್ದು ನಿಂತರು.

ನಾನು ಹತ್ತಿರ ಹೋದೆ. ಚೆಂಡು ಹುಲ್ಲಿನ ಮೇಲೆ ಕೂತಿತ್ತು. ಮೂರು ಹಸಿರು ಚುಕ್ಕೆ ನನ್ನತ್ತ ನೋಡುತ್ತಿದ್ದವು.

ನಾನು ಕೈ ಎತ್ತಿ ರೆಫರಿಯನ್ನು ಕರೆದೆ. ಚಿಕ್ಕ ಬ್ಯಾಟರಿ ಗಾಡಿಯಲ್ಲಿ ಬಂದ ಅವರು ಇಳಿದು, ಟೋಪಿ ತೆಗೆದು, ಏನಾಯಿತೆಂದು ಕೇಳಿದರು. ನನ್ನ ಕ್ಯಾಡಿ ಚೆಂಡು ಎತ್ತಿ ಮತ್ತೆ ಇಟ್ಟರು ಎಂದೆ. ಪುಣೆಯವರೂ ಅವರ ಕ್ಯಾಡಿಯೂ ಹತ್ತಿರ ಬಂದರು.

ನನ್ನ ಕ್ಯಾಡಿಯ ಮುಖದಲ್ಲಿ ಮೊದಲು ಬಂದದ್ದು ಭಯವಲ್ಲ, ಅರ್ಥವಾಗದವರ ಗೊಂದಲ. "ಇಲ್ರಿ ಸಾಹೇಬ್ರ. ನಾ ಇವರ ಚೆಂಡು ಮುಟ್ಟಿಲ್ರಿ. ಅಲ್ಲೆ ಇನ್ನೊಂದು ಬಿದ್ದಿತ್ರಿ, ಯಾರೋ ಕಳಕೊಂಡದ್ದು. ಅದನ್ನ ಎತ್ತಿದ್ನಿರಿ." ಜೇಬಿನಿಂದ ಮಣ್ಣು ಮೆತ್ತಿದ ಹಳೆಯ ಚೆಂಡೊಂದನ್ನು ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದರು. ಅದರ ಹಿಂದೆಯೇ ಇನ್ನೆರಡು ತೆಗೆದರು. ಕಳೆದುಹೋದ ಚೆಂಡುಗಳನ್ನು ಆರಿಸಿ ಆಫೀಸಿಗೆ ಕೊಡುವುದು ಅಲ್ಲಿನ ಕ್ಯಾಡಿಗಳ ರೂಢಿಯಂತೆ. ಆದರೆ ಆ ಹೊತ್ತಿನಲ್ಲಿ, ಆಟದ ನಡುವೆ ಜೇಬಿನಿಂದ ಮೂರು ಚೆಂಡು ತೆಗೆದ ಮನುಷ್ಯನನ್ನು ಯಾರು ನಂಬುತ್ತಾರೆ?

ರೆಫರಿ ನನ್ನ ಕಡೆ ತಿರುಗಿದರು. "ಸರಿಯಾಗಿ ಯೋಚಿಸಿ ಹೇಳಿ. ಇದು ನಿಮ್ಮ ಅನುಮಾನವೋ, ಇಲ್ಲ ಚೆಂಡು ಎತ್ತಿದ್ದನ್ನು ನೀವು ನೋಡಿದ್ದೀರೋ? ಬರೀ ಅನುಮಾನ ಅಂದರೆ ದಂಡ ಹಾಕಲು ಬರುವುದಿಲ್ಲ, ಆಟ ಮುಂದುವರಿಸಿ. ನೋಡಿದ್ದೀರಿ ಅಂದರೆ ಒಂದು ಹೊಡೆತದ ದಂಡ."

ಅನುಮಾನ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅನುಮಾನವಿದ್ದೂ ಆ ಸುಲಭದ ಚೆಂಡನ್ನು ಹೊಡೆದವಳು ಎಂಬ ಮಾತು ನನ್ನ ಬೆನ್ನಿಗೆ ಅಂಟುತ್ತಿತ್ತು. ಪುಣೆಯವರು ನನ್ನನ್ನೇ ನೋಡುತ್ತಿದ್ದರು.

"ನೋಡಿದೆ," ಎಂದೆ.

ಒಂದು ಹೊಡೆತದ ದಂಡ ಬಿತ್ತು. ಚೆಂಡನ್ನು ಮೊದಲಿದ್ದ ಜಾಗಕ್ಕೆ ಇಡಬೇಕೆಂದರು. ಮೊದಲು ಎಲ್ಲಿತ್ತು ಎಂದು ನನಗೇನು ಗೊತ್ತು? ಬೆರಳುಗಳಿಂದ ಹುಲ್ಲು ಬಿಡಿಸಿ ಚೆಂಡನ್ನು ಬುಡಕ್ಕೆ ಇಳಿಸಿದೆ. ಹೊರತೆಗೆಯಲು ಎರಡು ಹೊಡೆತ ಬೇಕಾಯಿತು. ಉಳಿದ ನಾಲ್ಕು ಕುಳಿಗಳಲ್ಲಿ ಅವರು ಚೀಲ ಹೊತ್ತು ನನ್ನ ಹಿಂದೆ ಹತ್ತು ಹೆಜ್ಜೆ ದೂರ ಬಂದರು. ನಾನು ಕೇಳಿದಾಗ ದೂರ ಹೇಳಿದರು. "ನೂರಾ ನಲವತ್ತೆರಡ್ರಿ ಮೇಡಂ." ಅಕ್ಕಾರ ಎನ್ನುವುದು ಅಲ್ಲಿಗೆ ನಿಂತಿತು.

ಆ ದಿನ ಎಪ್ಪತ್ತಾರು. ಎಂಟನೇ ಸ್ಥಾನಕ್ಕೆ ಇಳಿದೆ. ಆದರೆ ಚಹಾದ ಹೊತ್ತಿಗೆ ಎಲ್ಲರೂ ನನ್ನ ಬಳಿ ಬಂದು ಕೈ ಕುಲುಕಿದರು. ತನ್ನ ಮೇಲೆ ತಾನೇ ದಂಡ ಹಾಕಿಸಿಕೊಂಡವಳು ಎಂದು ಸಂಘಟಕರೊಬ್ಬರು ಹೊಗಳಿದರು. ನನಗೂ ಅದು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಕ್ಯಾಡಿಗಳ ಮೇಲ್ವಿಚಾರಕರು ಸವಣೂರಿನವರು, ಮೆದು ಮಾತಿನವರು. ಎಲೆ ಅಡಿಕೆ ತುಂಬಿದ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದರು: "ಮೇಡಂ, ದೂರು ಬಂದ ಕ್ಯಾಡೀನ ಚೀಲ ಹೊರೂ ಕೆಲಸದಿಂದ ಇಳಸೂದು ಇಲ್ಲಿ ಕಾಯದೆರಿ. ನಾಳಿಂದ ಮರಳು ತುಂಬೂ ಕೆಲಸಕ್ಕ ಹಾಕೇನಿ. ತೆಗದಹಾಕೂದು ಬಿಡೂದು ಮ್ಯಾಲಿನವರು ನೋಡ್ತಾರ. ನಿಮಗ ಬ್ಯಾರೆದವ್ರನ್ನ ಕೊಡ್ತೇನಿ."

ಮೂರನೇ ದಿನ ನನಗೆ ಸಿಕ್ಕವಳು ಚಿಕ್ಕೇರೂರಿನ ಒಬ್ಬ ಹೆಣ್ಣುಮಗಳು. ಇಲ್ಲಿಗೆ ಬರುವ ಮೊದಲು ಹತ್ತಿ ಬೀಜದ ಹೊಲದಲ್ಲಿ ಹೂವಿಗೆ ಹೂವು ತಾಗಿಸಿ ಪರಾಗ ಕೂಡಿಸುವ ಕೆಲಸ ಮಾಡುತ್ತಿದ್ದಳಂತೆ. ಕಣ್ಣು ಬಲು ಚುರುಕು. ನನ್ನ ಜೊತೆ ಮೊದಮೊದಲು ಬಿಗಿಯಾಗಿಯೇ ಇದ್ದಳು. ಏನಾಗಿದೆಯೆಂದು ಅವಳಿಗೂ ಗೊತ್ತಿತ್ತು.

ನಾಲ್ಕನೇ ಕುಳಿಯಲ್ಲಿ ನನ್ನ ಚೆಂಡು ಎಡಕ್ಕೆ ಹೋಯಿತು. ಅದೇ ಹೊತ್ತಿಗೆ ಪುಣೆಯವರ ಚೆಂಡು ಬಲಕ್ಕೆ ಹೋಯಿತು.

"ನೀ ಇಲ್ಲೇ ನಿಂದ್ರು," ಎಂದು ಹೇಳಿ ನಾನೊಬ್ಬಳೇ ಹೆಚ್ಚುಕಡಿಮೆ ಓಡಿದೆ. ನನಗಿಂತ ಮೊದಲು ಅಲ್ಲಿಗೆ ಯಾರೂ ಹೋಗಿರಲಿಲ್ಲ. ಒಂದು ನವಿಲು ಕೂಡ ಹತ್ತಿರ ಇರಲಿಲ್ಲ. ಚೆಂಡು ಹುಲ್ಲಿನ ಮೇಲೆ, ತುದಿಯ ಮೇಲೆ, ಮೊದಲ ದಿನದ ಹಾಗೆಯೇ ಕೂತಿತ್ತು.

ನಾನು ಬಗ್ಗಿ ಸುತ್ತಲಿನ ಹುಲ್ಲು ನೋಡಿದೆ. ಹಿಂದಿನಿಂದ ಅವಳು ಚೀಲ ಹೊತ್ತು ಬಂದಳು.

"ಇದು ಯಾಕ ಹಿಂಗ ಕುಂತೈತಿ?" ಎಂದು ಕೇಳಿದೆ.

"ಯಾಕಂದ್ರೇನ್ರಿ? ಈ ಕಡಿ ಯಾವಾಗ್ಲೂ ಹಿಂಗರಿ." ಚೆಂಡಿನಿಂದ ದೂರ ಸರಿದು, ಹುಲ್ಲಿನ ಮೇಲೆ ಅಂಗೈ ಒತ್ತಿ ತೋರಿಸಿದಳು. ಕೈ ತೆಗೆದ ಕೂಡಲೇ ಹುಲ್ಲು ಎದ್ದು ನಿಂತಿತು. "ಮೈದಾನ ಮಾಡೂ ಮುಂದ ಇಲ್ಲೆಲ್ಲ ಕೆರಿ ಹೂಳು ತಂದು ಹಾಕ್ಯಾರ. ಹುಲ್ಲು ದಟ್ಟ ಬೆಳದು ಬಿರುಸಾಗೈತಿ, ಚೆಂಡು ಒಳಗ ಇಳಿಯಂಗಿಲ್ಲ. ಬಲಕ್ಕ ಹರಳಿನ ಗರಸು ನೆಲ. ಅಲ್ಲೆ ಹುಲ್ಲು ತೆಳ್ಳಗ ಉದ್ದಕ ಬೆಳದು ಮಲಗತೈತಿ, ಚೆಂಡು ಸೀದಾ ಬುಡಕ್ಕ. ಏಳರಾಗೂ ಹಂಗ, ಹದಿನಾಕರಾಗೂ ಹಂಗ. ದುಂಡಸಿ ಕಾಕಾ ನಿಮಗ ಹೇಳಲಿಲ್ಲೇನ್ರಿ? ಆ ಹೂಳು ಟ್ರ್ಯಾಕ್ಟರಿನ್ಯಾಗ ಹೇರಿ ತಂದವ್ರ ಅವರು."

ಬಲಗಡೆ ನೋಡಿದೆ. ಪುಣೆಯವರು ಮಂಡಿಮಟ್ಟ ಬಗ್ಗಿ ಹುಲ್ಲಿನೊಳಗೆ ಚೆಂಡು ಹುಡುಕುತ್ತಿದ್ದರು. ಸಿಕ್ಕ ಮೇಲೆ ಹೊಡೆದರು. ಚೆಂಡು ಅವರ ಕಾಲಿನಿಂದ ಹದಿನೈದು ಗಜ ಮುಂದೆ ಬಿದ್ದು ಮತ್ತೆ ಹುಲ್ಲಿನಲ್ಲೇ ಮುಳುಗಿತು.

ನಾಕು, ಏಳು, ಹದಿನಾಕು. ಎಡಕ್ಕ ತಪ್ಪಲಿ. ಯಾಕಂದ್ರ... ಆ ವಾಕ್ಯ ಪೂರ್ತಿ ಮಾಡಲು ಅವರಿಗೆ ನಾನೇ ಬಿಟ್ಟಿರಲಿಲ್ಲ.

ಆ ಚೆಂಡನ್ನು ಹೇಗೆ ಹೊಡೆದೆನೋ ನೆನಪಿಲ್ಲ. ಒಂಬತ್ತನೇ ಕುಳಿ ಮುಗಿಸಿ ಹತ್ತನೆಯದಕ್ಕೆ ನಡೆಯುವಾಗ ದುಂಡಸಿಯವರು ಕಂಡರು. ಬಕೆಟ್ಟಿನಲ್ಲಿ ಮರಳು ಇಟ್ಟುಕೊಂಡು, ಆಟಗಾರರ ಕೋಲಿನ ಏಟಿಗೆ ಎದ್ದ ಹುಲ್ಲಿನ ಗುಂಡಿಗಳನ್ನು ಕೂತು ತುಂಬುತ್ತಿದ್ದರು. ಆಟದ ನಡುವೆ ಕ್ಯಾಡಿ ಬದಲಿಸಲು ನಿಯಮದಲ್ಲಿ ಅಡ್ಡಿಯಿಲ್ಲ. ನಾನು ನೇರ ಅವರ ಬಳಿ ಹೋದೆ.

"ಅಣ್ಣಾರ, ನಂದು ತಪ್ಪಾತ್ರಿ. ಚೀಲ ತಗೋರ್ರಿ. ಉಳಿದ ಒಂಬತ್ತಕ್ಕ ನೀವ ಬರ್ರಿ."

ಅವರು ತಲೆ ಎತ್ತಿದರು. ಎದ್ದು ನಿಲ್ಲಲಿಲ್ಲ. ಕೈಯ ಮರಳು ಒರೆಸಿಕೊಂಡರು.

"ಬ್ಯಾಡ್ರಿ ಮೇಡಂ."

"ರೆಫರಿಗೆ ನಾ ಹೇಳ್ತೇನಿ. ಮೇಲ್ವಿಚಾರಕರಿಗೂ ಹೇಳ್ತೇನಿ."

"ಈಗ ನಾ ಬಂದು, ನೀವು ಗೆದ್ರಿ ಅಂದ್ರ ಇವ ಮತ್ತ ಚೆಂಡು ಎತ್ತಿಟ್ಟ ಅಂತಾರ. ಸೋತ್ರಿ ಅಂದ್ರ ಬೇಕಂತ ಸೋಲಿಸಿದ ಅಂತಾರ. ನನಗ ಎರಡೂ ಬ್ಯಾಡ." ಚಿಕ್ಕೇರೂರಿನವಳ ಕಡೆ ನೋಡಿ, "ಆಕೀ ಚಲೋ ನೋಡತಾಳ. ಹೋಗ್ರಿ, ನಿಮ್ಮ ಸರದಿ ಬಂತು," ಎಂದು ಇನ್ನೊಂದು ಗುಂಡಿಗೆ ಮರಳು ಸುರಿದರು.

ಆ ಮೇಲಿನ ಒಂಬತ್ತು ಕುಳಿಗಳನ್ನು ಆಡಿದ್ದು ಚಿಕ್ಕೇರೂರಿನವಳ ಕಣ್ಣಿನಿಂದ. ನಾನೇ ಅವಳಿಗೆ ಹೇಳಿದೆ, ಕೇಳಿದರೂ ಕೇಳದಿದ್ದರೂ ಅನ್ನಿಸಿದ್ದು ಹೇಳು, ಪೂರ್ತಿ ಹೇಳು ಎಂದು. ಹದಿಮೂರರಲ್ಲಿ ಒಂದು ಹೊಡೆತ ಉಳಿಸಿದೆ, ಹದಿನೇಳರಲ್ಲಿ ಒಂದು ಕಳೆದುಕೊಂಡೆ. ಹದಿನೆಂಟನೆಯದಕ್ಕೆ ಬಂದಾಗ ನಾನು ಹತ್ತನೇ ಸ್ಥಾನದಲ್ಲಿದ್ದೇನೆಂದು ಬೋರ್ಡು ಹೇಳುತ್ತಿತ್ತು. ಗ್ರೀನಿಗೆ ಮುಟ್ಟಿಸುವ ಹೊಡೆತ ಕೆರೆ ದಾಟಿಸಿ, ನೂರಾ ಅರವತ್ತು ಗಜ. ಗ್ರೀನಿನ ಬಾವುಟ ನಮ್ಮ ಕಡೆಗೆ ಬಡಿಯುತ್ತಿತ್ತು, ಎದುರು ಗಾಳಿ. ನಾನು ದೊಡ್ಡ ಕೋಲಿಗೆ ಕೈ ಹಾಕಿದೆ.

"ಬಾವುಟ ನೋಡಬ್ಯಾಡ್ರಿ," ಎಂದಳು. "ಅದರ ಹಿಂದ ಕಟ್ಟಡ ಐತಿ, ಗಾಳಿ ಬಡದು ತಿರುಗಿ ಬರತೈತಿ. ನೀರು ನೋಡ್ರಿ. ನೀರಿನ್ಯಾಗ ತೆರಿ ಆ ಕಡಿ ಹೊಂಟಾವ. ಚೆಂಡು ಹೋಗೂದು ನೀರಿನ ಮ್ಯಾಲ ಅಲ್ರಿ? ಸಣ್ಣ ಕೋಲು ಸಾಕು."

ಬಾವುಟ ಒಂದು ಹೇಳುತ್ತಿತ್ತು, ಇವಳು ಇನ್ನೊಂದು. ನಿನ್ನೆಯವಳಾಗಿದ್ದರೆ ನಾನು ಎರಡರ ನಡುವಿನದನ್ನು ಆರಿಸಿ ಚೆಂಡನ್ನು ನೀರಿಗೆ ಹಾಕುತ್ತಿದ್ದೆ. ಸಣ್ಣ ಕೋಲನ್ನೇ ತೆಗೆದುಕೊಂಡೆ. ಚೆಂಡು ಕೆರೆ ದಾಟಿ, ಗ್ರೀನಿನ ಹಿಂದಿನ ಅಂಚಿಗೆ ಬಿದ್ದು ನಿಂತಿತು. ಅಲ್ಲಿಂದ ಎರಡು ಹೊಡೆತ. ಎಪ್ಪತ್ತೆರಡು. ಹತ್ತನೇ ಸ್ಥಾನ ಉಳಿಯಿತು.

ಸಹಿಯ ಗುಡಾರದಲ್ಲಿ ಪುಣೆಯವರು ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ನಂಥವರಿಂದಲೇ ಈ ಆಟದ ಮರ್ಯಾದೆ ಉಳಿದಿದೆ," ಎಂದರು. ಈ ಸಲ ತಮಾಷೆಯಿರಲಿಲ್ಲ. ನಾನು ಕೈ ಬಿಡಿಸಿಕೊಂಡು ಕ್ಯಾಡಿಗಳ ಶೆಡ್ಡಿಗೆ ನಡೆದೆ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಹತ್ತು ಹನ್ನೆರಡು ಕ್ಯಾಡಿಗಳು ಚಹಾ ಕುಡಿಯುತ್ತಾ ಕೂತಿದ್ದರು. ದುಂಡಸಿಯವರೂ ಇದ್ದರು, ಒಂದು ಮೂಲೆಯಲ್ಲಿ. ಎಲ್ಲರ ಎದುರಿಗೆ ತಪ್ಪಾಯಿತು ಎಂದೆ. ಅವರು ಲೋಟ ಕೆಳಗಿಟ್ಟರು.

"ಬಾಯಿ ಮಾತು ಗಾಳಿಗೆ ಹೋಗತೈತ್ರಿ," ಎಂದರು. "ಹಾಳಿ ಮ್ಯಾಲ ಬರದುಕೊಡ್ರಿ."

ಸವಣೂರಿನ ಮೇಲ್ವಿಚಾರಕರು ಕಾಗದ ಕೊಟ್ಟರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ತಪ್ಪು ತಿಳುವಳಿಕೆಯಿಂದ ಅನುಮಾನಪಟ್ಟೆ, ಮೈದಾನದ ಹುಲ್ಲಿನ ಗುಣ ನನಗೆ ತಿಳಿದಿರಲಿಲ್ಲ, ಇವರು ನಿರ್ದೋಷಿ, ಮೊದಲಿನ ಕೆಲಸವನ್ನೇ ಕೊಡಬೇಕು. ಚೆನ್ನಾಗಿಯೇ ಬರೆದಿದ್ದೆ. ಅವರು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ ಓದಿದರು. ಓದಿ ನನ್ನ ಕೈಗೇ ವಾಪಸು ಕೊಟ್ಟರು.

"ಇದರಾಗ ತಿಳುವಳಿಕಿ ಅಂತ ಬರದೀರಿ. ಅನುಮಾನ ಅಂತ ಬರದೀರಿ. ನೀವು ಸಾಹೇಬ್ರಿಗೆ ಹಂಗ ಹೇಳಲಿಲ್ರಿ. ನೋಡಿದೆ ಅಂದ್ರಿ."

ನಾನು ಹಾಳೆಯನ್ನು ಮಡಚಿದೆ.

"ನಿನ್ನೆ ಸಂಜಿ ಬಸ್ಸಿನ್ಯಾಗ ಕೇಳಿದ್ರು ಮಂದಿ. ಏನಪಾ, ಚೆಂಡು ಸರಿಸಿದಿ ಅಂತ? ಇಲ್ಲೋ ಮಾರಾಯಾ, ಆಕೀಗೆ ಅನುಮಾನ ಬಂದೈತಿ ಅಂತ ಹೇಳಾಕ ಬರತಿತ್ತು. ಅನುಮಾನ ಯಾರಿಗೂ ಬರತೈತಿ. ಆದ್ರ ಕಣ್ಣಾರೆ ನೋಡ್ಯಾಳಂತಲ್ಲ ಅಂದ್ರು. ಅದಕ್ಕೇನು ಹೇಳ್ಲಿ ನಾನು?" ಅವರ ದನಿ ಏರಲಿಲ್ಲ. "ನೀವು ನೋಡಿದ್ರೇನ್ರಿ, ನಾ ನಿಮ್ಮ ಚೆಂಡು ಎತ್ತಿದ್ದು?"

ಮೂವತ್ತು ಹೆಜ್ಜೆ. ಅವರ ಬೆನ್ನು. ಹುಲ್ಲಿನೊಳಗೆ ಹೋದ ಕೈ. ನಾನು ನೋಡಿದ್ದು ಇಷ್ಟೇ. ಉಳಿದದ್ದನ್ನು ನಾನು ಎರಡು ದಿನದಿಂದ ಒಳಗೇ ಕಟ್ಟಿಕೊಂಡು ಬಂದಿದ್ದೆ.

"ಇಲ್ರಿ," ಎಂದೆ. "ನೋಡಿಲ್ಲ."

"ಅದನ್ನ ಬರೀರಿ."

ಮೇಲ್ವಿಚಾರಕರು ನನ್ನ ಬಳಿಗೆ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದರು: "ಮೇಡಂ, ವಿಚಾರ ಮಾಡ್ರಿ. ರೆಫರಿ ಮುಂದ ಸುಳ್ಳು ಹೇಳಿದ್ನಿ ಅಂತ ಆಗತೈತಿ ಅದು. ನಿಮ್ಮ ಸಮಿತಿಯವ್ರು ಸುಮ್ಮನ ಬಿಡಂಗಿಲ್ಲ. ಮೊದಲ ಬರದದ್ದು ಸಾಕಾಗತೈತಿ, ಇವರಿಗೆ ಕೆಲಸ ನಾ ಕೊಡಸ್ತೇನಿ."

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಹತ್ತನೇ ಸ್ಥಾನದ ಸಹಿಯ ಶಾಯಿ ಇನ್ನೂ ಆರಿರಲಿಲ್ಲ. ದುಂಡಸಿಯವರು ನನ್ನನ್ನು ಒತ್ತಾಯಿಸಲಿಲ್ಲ. ಚಹಾದ ಲೋಟ ತೊಳೆದು ಕಪಾಟಿನಲ್ಲಿ ಬೋರಲು ಹಾಕಿದರು. ಬೇರೆ ಹಾಳೆ ಕೇಳಿ ತೆಗೆದುಕೊಂಡೆ. ಮೊದಲಿನದನ್ನೆಲ್ಲ ಮತ್ತೆ ಬರೆದು, ಕೊನೆಯಲ್ಲಿ ಸೇರಿಸಿದೆ: ಚೆಂಡು ಎತ್ತಿದ್ದನ್ನು ನಾನು ನೋಡಿರಲಿಲ್ಲ, ನೋಡಿದೆನೆಂದು ರೆಫರಿಗೆ ಹೇಳಿದ್ದು ಸುಳ್ಳು.

ಆ ಹಾಳೆ ಹಿಡಿದು ರೆಫರಿಯ ಕೋಣೆಗೆ ಹೋದೆ. ಅವರು ಎರಡು ಸಲ ಓದಿದರು. ಆ ಒಂದು ಹೊಡೆತ ಕಾರ್ಡಿನಿಂದ ಹೋಗುವುದಿಲ್ಲ, ನೀವೇ ಹೇಳಿ ಬರೆಸಿ ಸಹಿ ಮಾಡಿದ್ದು ಎಂದರು. ಅದನ್ನು ತೆಗೆಯಿರಿ ಎಂದು ನಾನು ಕೇಳಿರಲಿಲ್ಲ. ಸಮಿತಿಗೆ ಕಳಿಸಲೇಬೇಕಾಗುತ್ತದೆ ಎಂದರು. ಕಳಿಸಿ ಎಂದೆ. ಸಮಿತಿಯ ಉತ್ತರ ಎರಡು ವಾರದ ಮೇಲೆ ಬಂತು: ನನ್ನ ಜಾಗ ಉಳಿಸಿ, ಮುಂದಿನ ವರ್ಷದ ಮೊದಲ ಮೂರು ಪಂದ್ಯಗಳಿಂದ ದೂರವಿಟ್ಟಿದ್ದರು. ಪುಣೆಯವರು ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಆದರೆ ಆ ಸಂಜೆ ಇದ್ಯಾವುದೂ ಗೊತ್ತಿರಲಿಲ್ಲ. ರೆಫರಿ ಹಾಳೆಯ ಮೇಲೆ ಸಹಿ ಮಾಡಿ ಕೊಟ್ಟರು. ಮೇಲ್ವಿಚಾರಕರು ಅದನ್ನು ನೋಡಿ, ಸೋಮವಾರದಿಂದ ಮತ್ತೆ ಚೀಲ ಹೊರಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ದುಂಡಸಿಯವರು ಹಾಳೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದರು.

"ಇದು ಆಫೀಸಿಗೆ ಆತ್ರಿ," ಎಂದರು. "ನನಗೊಂದು ಬೇಕು. ಮನೀಗೆ ಒಯ್ಯಾಕ."

ಝೆರಾಕ್ಸ್ ಮಾಡಿಸುತ್ತೇನೆಂದು ಮೇಲ್ವಿಚಾರಕರು ಎದ್ದರು.

"ಝೆರಾಕ್ಸ್ ಬ್ಯಾಡ್ರಿ. ಅವರ ಕೈಲೆ ಬರೀಲಿ."

ಮತ್ತೆ ಬೆಂಚಿನ ಮೇಲೆ ಕೂತೆ. ಹೊರಗೆ ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಚಿಕ್ಕೇರೂರಿನವಳು, ತಡೀರಿ, ನಿಲ್ಲಸ್ತೇನಿ ಎಂದು ಓಡಿದಳು. ಪೂರ್ತಿ ಬರೆಯಲು ಸಮಯವಿರಲಿಲ್ಲ. ಹುಲ್ಲಿನ ಗುಣ, ತಪ್ಪು ತಿಳುವಳಿಕೆ, ಯಾವುದನ್ನೂ ಬರೆಯಲಿಲ್ಲ. ಆಫೀಸಿನ ಹಾಳೆಯ ಕೊನೆಗೆ ಬರೆದ, ನೋಡಿರಲಿಲ್ಲ ಎಂಬ ಮಾತನ್ನು ಈ ಸಲ ಹಾಳೆಯ ಮೇಲ್ತುದಿಯಲ್ಲೇ, ದೊಡ್ಡ ಅಕ್ಷರಗಳಲ್ಲಿ ಬರೆದು, ಕೆಳಗೆ ಹೆಸರು ಹಾಕಿ ಕೊಟ್ಟೆ.